ಲಾಲಮ್ಮ ಬಿಟ್ಟಿ ಕೊಡುವ ಪ್ಯಾದೆ

ಶಹಾಬಾದಿನ ಕಲ್ಲಂಗಳದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ನಿನ್ನೆ ಗಣಿಯಿಂದ ಬಂದ ಫರ್ಸಿಗಳು, ನೆಲಕ್ಕೆ ಹಾಸುವ ಚಪ್ಪಡಿ ಕಲ್ಲುಗಳು, ಗೋಡೆಗೆ ಆತು ಸಾಲಾಗಿ ನಿಂತಿವೆ. ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿದ ಲಾಲಮ್ಮ ಮೊದಲ ಫರ್ಸಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಕೈಯಲ್ಲಿ ಗೇಣುದ್ದದ ಸುತ್ತಿಗೆ. ನಾಲ್ಕು ಮೂಲೆಗೆ ನಾಲ್ಕು ಪೆಟ್ಟು, ನಡುವೆ ಒಂದು. ಠಣ್ ಎಂದರೆ ಕಲ್ಲಿಗೆ ಸುಣ್ಣದ ಗೆರೆ, ದಬ್ ಎಂದರೆ ಕೆಂಪು ಮಣ್ಣಿನ ಗೆರೆ. ಸುಣ್ಣದ ಗೆರೆ ಬಿದ್ದದ್ದು ಪಾಲಿಶ್ ಮಶೀನಿಗೆ ಹೋಗುತ್ತದೆ. ಕೆಂಪು ಗೆರೆಯದು ಒಡೆದು ಯಾರದೋ ಮನೆಯ ಬುನಾದಿ ಸೇರುತ್ತದೆ.

“ಮ್ಯಾಲಿಂದ ನೋಡಿದ್ರ ಎಲ್ಲಾ ಚಂದನೇ ಕಾಣಸ್ತಾವ್ರಿ,” ಎನ್ನುತ್ತಾರೆ ಲಾಲಮ್ಮ, ಸುತ್ತಿಗೆ ನಿಲ್ಲಿಸದೆ. “ಬಿರುಕು ಒಳಗಿರ್ತದ. ಅದಕ್ಕ ಭಾಳ ಚಂದ ಇದ್ದದ್ದನ್ನ ನಾ ಎರಡು ಸಲ ಬಾರಸ್ತೀನಿ.”

ವಯಸ್ಸು ನಲವತ್ತನಾಲ್ಕು. ಈ ಕೆಲಸಕ್ಕೆ ಬಂದು ಇಪ್ಪತ್ತೊಂದು ವರ್ಷ. ದಿನಕ್ಕೆ ಮುನ್ನೂರೈವತ್ತು ಫರ್ಸಿ ಬಾರಿಸಿದರೆ ಮೂವತ್ತು, ಕೆಲವು ದಿನ ನಲವತ್ತು, ಕೆಂಪು ಗೆರೆ ಕಾಣುತ್ತವೆ. ಅಳೆದು ನೋಡುವ ಯಂತ್ರ ಅಂಗಳದಲ್ಲಿ ಇಲ್ಲ. ಚಿಂಚೋಳಿ, ಸುಲೇಪೇಟದ ಕಡೆಯಿಂದ ಬಂದು ಕಲ್ಲು ಒಯ್ಯುವವರು ನಂಬುವುದು ಲಾಲಮ್ಮನ ಒಂದು ಮಾತನ್ನು. ಅಂಗಳದ ಮಾಲೀಕ ಜಗದೇವಪ್ಪನವರೂ ಅದನ್ನೇ ನಂಬಿದ್ದರು, ಹೋದ ದೀಪಾವಳಿಯವರೆಗೆ. ಅದು ತಪ್ಪಿದ್ದು ಕಲ್ಲಿನಿಂದಲ್ಲ, ಚದುರಂಗದಿಂದ.

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಬೇವಿನ ಮರದ ಕೆಳಗೆ ಆಟ ನಡೆಯುತ್ತದೆ. ಮೂಲೆ ಮುರಿದ ಒಂದು ಫರ್ಸಿಯ ಮೇಲೆ ಉಳಿಯಿಂದ ಅರವತ್ತನಾಲ್ಕು ಮನೆ ಗೀಚಿದ್ದಾರೆ. ಕಲ್ಲಿನ ಚೂರುಗಳಲ್ಲಿ ಆನೆ, ಒಂಟೆ, ಕುದುರೆಗಳನ್ನು ಕಡೆದವರು ಪಾಲಿಶ್ ಮಶೀನು ನಡೆಸುವ ಬಾಬುಮಿಯಾ. ಆರು ವರ್ಷದ ಹಿಂದೆ ಲಾಲಮ್ಮನಿಗೆ ಆಟ ಕಲಿಸಿದವರೂ ಅವರೇ. ಕಲಿಸಿದ್ದಕ್ಕೆ ಈಗ ದಿನಾ ಸೋಲುತ್ತಾರೆ.

“ಈಕಿ ಆಟ ಆಡಾಂಗಿಲ್ರಿ, ಎದುರಿನವ್ರ ಮನಸಿನ್ಯಾಗ ಶಕ್ ಹುಟ್ಟಸ್ತಾಳ,” ಎಂದು ಬಾಬುಮಿಯಾ ಕೆಮ್ಮುತ್ತಲೇ ನಗುತ್ತಾರೆ.

ಲಾಲಮ್ಮನ ಮೊದಲ ನಡೆ ಯಾವ ಪುಸ್ತಕದವರಿಗೂ ಹಿಡಿಸುವಂಥದ್ದಲ್ಲ. ಎಲ್ಲರೂ ನಡುವಿನ ಪ್ಯಾದೆಯನ್ನು, ಅಂದರೆ ಕಾಲಾಳನ್ನು, ಮುಂದಿಟ್ಟು ಶುರುಮಾಡಿದರೆ ಇವರು ರಾಜನ ಕಡೆಯ ಕುದುರೆಯ ಮುಂದಿನ ಪ್ಯಾದೆಯನ್ನು ಎರಡು ಮನೆ ನೂಕುತ್ತಾರೆ. ಎದುರಿನವನು ತನ್ನ ಒಂಟೆಗೆ ದಾರಿ ತೆರೆದರೂ ಸುಮ್ಮನಿರುತ್ತಾರೆ. ಒಂಟೆ ಬಂದು ಆ ಪ್ಯಾದೆಯನ್ನು ಬಿಟ್ಟಿ ತಿನ್ನುತ್ತದೆ. ಆದರೆ ಒಂಟೆ ಮನೆ ಬಿಟ್ಟ ಕೂಡಲೇ ಅದು ಕಾಯುತ್ತಿದ್ದ ಮೂಲೆ ಬರಿದಾಗುತ್ತದೆ. ಲಾಲಮ್ಮನ ಒಂಟೆಯೂ ಮಂತ್ರಿಯಾದ ವಜೀರನೂ ಅದೇ ಮೂಲೆಗೆ ಕಣ್ಣು ಹಾಕುತ್ತವೆ.

“ಪುಸ್ತಕ ಓದಿದೋರು ಹತ್ತು ಹನ್ನೆರಡು ನಡಿ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರ. ನಾ ಒಂದೇ ನಡಿಗಿ ಆ ಪುಸ್ತಕ ಮುಚ್ಚಸ್ತೀನಿ. ಆಮ್ಯಾಲ ಅವ್ರಿಗೂ ಕಣ್ಣಽ ಗತಿ, ನನಗೂ ಕಣ್ಣಽ ಗತಿ.”

ಹಾಗೆಂದು ಈ ಆಟದಲ್ಲಿ ಎಲ್ಲವೂ ಲಾಭವೇ ಎಂದು ನಂಬುವ ಹಾಗಿಲ್ಲ. ಪ್ಯಾದೆ ಹೋದ ಕಡೆ ಇವರ ರಾಜನಿಗೇ ಮರೆ ಇರುವುದಿಲ್ಲ. ಚಿಂಚೋಳಿಯ ಒಬ್ಬ ಗುಮಾಸ್ತ ಆ ಪ್ಯಾದೆ ತಿಂದು, ಎದ್ದು ಹೋಗಿ ಚಹಾ ಕುಡಿದು ಬಂದು, ಗಡಿಬಿಡಿ ಇಲ್ಲದೆ ಗೆದ್ದನಂತೆ. “ಅವಗ ಸಂಶಯನೇ ಬರ್ಲಿಲ್ಲ ನೋಡ್ರಿ. ಸಂಶಯ ಇಲ್ಲದೋರ ಮುಂದ ನನ್ನ ಆಟ ನಡ್ಯಾಂಗಿಲ್ಲ.”

ಸಂಶಯ ಲಾಲಮ್ಮನಿಗೆ ಹುಟ್ಟಿನಿಂದ ಬಂದದ್ದಲ್ಲ. ತವರು ಸನ್ನತಿಯ ಹತ್ತಿರದ ಹಳ್ಳಿ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ಏನೂ ಕೇಳಲಿಲ್ಲ, ಸೀರೆಯನ್ನೂ ತಾವೇ ತಂದರು. ಊರೆಲ್ಲ ಆಕೆಯ ಹಣೆಬರಹ ಹೊಗಳಿತು. ಮದುವೆಯಾದ ಮೂರನೇ ತಿಂಗಳಿಗೆ ತಿಳಿಯಿತು: ಅವನಿಗೆ ಮೊದಲೇ ಒಬ್ಬ ಹೆಂಡತಿ, ಎರಡು ಮಕ್ಕಳು ಇದ್ದರು. ಲಾಲಮ್ಮ ಆ ಸೀರೆಯನ್ನು ಅಲ್ಲೇ ಮಡಚಿಟ್ಟು, ಶಹಾಬಾದಿನಲ್ಲಿದ್ದ ಸೋದರತ್ತೆಯ ಮನೆಗೆ ಬಂದರು. ಮುಂದಿನ ವರ್ಷ ಕೈಗೆ ಸುತ್ತಿಗೆ ಬಂತು.

“ಬಿಟ್ಟಿ ಬಂದದ್ದನ್ನ ಬಾರಿಸಿ ನೋಡದೆ ತಗೊಂಡಿದ್ವಿ,” ಎಂದಷ್ಟೇ ಹೇಳುತ್ತಾರೆ. ಇನ್ನೊಂದು ಫರ್ಸಿ ಬಾರಿಸಿದ ಮೇಲೆ, ಯಾರೂ ಕೇಳದೆಯೇ, “ತಗೊಳ್ಳೋರ ಎದಿಯಾಗ ಏನ್ ನಡೀತದ ನಂಗ ಗೊತ್ತದ. ಈಗ ನಾ ಕೊಡೂ ಕಡಿ ಕುಂತೀನಿ, ಅಷ್ಟಽ.”

ಹೋದ ದೀಪಾವಳಿಯ ರಜೆಯಲ್ಲಿ ಚಿತ್ತಾಪುರದಲ್ಲಿ ಚದುರಂಗದ ಪಂದ್ಯ ನಡೆಯಿತು. ಬಾಬುಮಿಯಾ ಒತ್ತಾಯ ಮಾಡಿ ಲಾಲಮ್ಮನ ಹೆಸರು ಬರೆಸಿ, ತಾವೂ ಜೊತೆಗೆ ಹೋಗಿ ಆಟ ನೋಡುತ್ತ ಕೂತರು. ಆಕೆ ಐವರನ್ನು ಸೋಲಿಸಿದರು. ಐದನೆಯವಳು ಸೇಡಂನ ಶಾಲಾ ಮಾಸ್ತರ ರಘೂತ್ತಮ ಅವರ ಮಗಳು, ಕಾಲೇಜಿನಲ್ಲಿ ಓದುವ ಹರಿಪ್ರಿಯಾ. ಮನೆತುಂಬ ಚದುರಂಗದ ಪುಸ್ತಕ ಇಟ್ಟುಕೊಂಡು ಕಲಿತ ಹುಡುಗಿ, ಬಿಟ್ಟಿ ಪ್ಯಾದೆ ತಿಂದು ಇಪ್ಪತ್ತು ನಡೆಯೊಳಗೆ ಸೋತಳು. ರಘೂತ್ತಮ ಜಗಳ ತೆಗೆಯಲಿಲ್ಲ. ತಮ್ಮ ನೋಟ್‌ಬುಕ್ ತೆರೆದು ಸಂಘಟಕರ ಮುಂದಿಟ್ಟರು.

“ಆ ಮುದುಕ ಹದಿನೇಳು ಸಲ ಕೆಮ್ಮ್ಯಾನ್ರಿ. ಯಾವ ನಡಿಗಿ ಎಷ್ಟು ಕೆಮ್ಮು ಅಂತ ಬರಕೊಂಡೀನಿ. ಇಂಥಾ ಹುಚ್ಚು ನಡಿ ತಾನಾಗೇ ಯಾರೂ ಇಡಾಂಗಿಲ್ಲ. ಯಾರೋ ಹೇಳಿಕೊಡ್ಲಿಕತ್ತಾರ.”

ಪಾಲಿಶ್ ಮಶೀನಿನ ಧೂಳು ಕುಡಿದವರು ಮನೆಯಲ್ಲೂ ಕೆಮ್ಮುತ್ತಾರೆ, ಮಸೀದಿಯಲ್ಲೂ ಕೆಮ್ಮುತ್ತಾರೆ. ಶಹಾಬಾದಿನಲ್ಲಾದರೆ ಯಾರೂ ತಿರುಗಿ ನೋಡುವುದಿಲ್ಲ. ಚಿತ್ತಾಪುರದ ಆ ಸಭಾಂಗಣದಲ್ಲಿ ಮಾತ್ರ ಅದು ಸನ್ನೆಯಾಯಿತು. ಸಂಘಟಕರು ಬಹುಮಾನ ತಡೆಹಿಡಿದರು. ಜನವರಿಯಲ್ಲಿ ಸೇಡಂನಲ್ಲಿ ಒಬ್ಬರೇ ಬಂದು ಅದೇ ಹುಡುಗಿಯ ಎದುರು ಆಡಬೇಕು, ಆಗ ನೋಡೋಣ ಎಂದರು.

ಸುದ್ದಿ ಕಲ್ಲಂಗಳಕ್ಕೆ ಲಾಲಮ್ಮನಿಗಿಂತ ಮೊದಲೇ ಮುಟ್ಟಿತ್ತು. ಜಗದೇವಪ್ಪ ಕೂಗಾಡುವ ಮನುಷ್ಯನಲ್ಲ. “ಆಟದಾಗ ಮೋಸ ಮಾಡೋರ ಮಾತು ಕಲ್ಲಿನಾಗ ಹ್ಯಾಂಗ ನಂಬೋದವಾ?” ಎಂದಷ್ಟೇ ಕೇಳಿದರು. ಮರುದಿನದಿಂದ ಗುರುದೇವಿ ಎಂಬ ಹೊಸ ಹೆಣ್ಣುಮಗಳು ಲಾಲಮ್ಮ ಬಾರಿಸಿದ ಪ್ರತಿ ಫರ್ಸಿಯನ್ನೂ ಹಿಂದಿನಿಂದ ಬಾರಿಸತೊಡಗಿದಳು. ತಮಾಷೆಯೆಂದರೆ ಗುರುದೇವಿಗೆ ಠಣ್ಣಿಗೂ ದಬ್ಬಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. “ಅಕ್ಕಾ, ಇದು ಹ್ಯಾಂಗ ಅನ್ನತದ?” ಎಂದು ಲಾಲಮ್ಮನನ್ನೇ ಕೇಳುತ್ತಿದ್ದಳು. ಲಾಲಮ್ಮ ತನ್ನ ಮೇಲಿನ ಕಾವಲಿಗೆ ತಾನೇ ಕಿವಿ ಕಲಿಸಿದರು. ಆದರೆ ಇಪ್ಪತ್ತೊಂದು ವರ್ಷದ ಮೇಲೆ ತನ್ನ ಬೆನ್ನ ಹಿಂದೆ ಇನ್ನೊಂದು ಸುತ್ತಿಗೆಯ ಸದ್ದು ಕೇಳುವುದಿದೆಯಲ್ಲ, ಅದಕ್ಕೆ ಅವರ ಕಿವಿ ಬಹಳ ದಿನ ಒಗ್ಗಲಿಲ್ಲ.

ಸೇಡಂಗೆ ಹೋಗುವ ದಿನ ಬಾಬುಮಿಯಾ ವಾಡಿ ಜಂಕ್ಷನ್ನಿನವರೆಗೆ ಜೊತೆಗೆ ಬಂದರು. ಗಾಡಿ ಬದಲಿಸುವ ಕಡೆ ಬೆಂಚಿನ ಮೇಲೆ ಕೂತುಬಿಟ್ಟರು. “ನಾ ಇಲ್ಲೇ ಕುಂದರ್ತೀನಿ ಬೇಟಿ. ಇಲ್ಲಿಂದ ಕೆಮ್ಮಿದ್ರ ಸೇಡಂಗ ಕೇಳಸಾಂಗಿಲ್ಲ.”

“ಮಾಸ್ತರ್ ಕಿವಿ ಭಾಳ ಚುರುಕು ಅದ ಚಾಚಾ, ಬಾಯಿ ಮುಚ್ಕೊಂಡೇ ಕುಂದ್ರಿ,” ಎಂದು ಲಾಲಮ್ಮ ಗಾಡಿ ಹತ್ತಿದರು.

ಸೇಡಂನಲ್ಲಿ ಲಾಲಮ್ಮ ಅದೇ ಪ್ಯಾದೆಯನ್ನು ಎರಡು ಮನೆ ನೂಕಿದರು. ಹರಿಪ್ರಿಯಾ ಈ ಸಲ ಮುಟ್ಟಲಿಲ್ಲ. ಆಕೆ ಬಿಟ್ಟಿ ಕೊಟ್ಟದ್ದನ್ನು ಮುಟ್ಟಬೇಡ ಎಂದು ಅಪ್ಪ ಹೇಳಿಕೊಟ್ಟಿದ್ದರು. ಆಟ ಸಮಸಮ ಸಾಗಿತು. ಇಪ್ಪತ್ತಾರನೆಯ ನಡೆಗೆ ಲಾಲಮ್ಮ ಆನೆಯನ್ನು ಮುಂದೆ ಒಯ್ದಿಟ್ಟು ಗಡಿಯಾರ ಒತ್ತಿದರು. ಒತ್ತಿದ ಮೇಲೆ ಕಾಣಿಸಿತು: ಎದುರಿನ ಕುದುರೆ ಒಂದೇ ನೆಗೆತಕ್ಕೆ ಆನೆಯನ್ನು ತಿನ್ನಬಹುದು. ಬದಲಿಗೆ ಏನೂ ಸಿಗುವುದಿಲ್ಲ. ಹೊಂಚಿಲ್ಲ, ಬಲೆಯಿಲ್ಲ. ಬರೀ ತಪ್ಪು.

“ಕಿವಿಯಾಗ ದಬ್ ಅಂತು,” ಎಂದು ಲಾಲಮ್ಮ ನೆನೆಯುತ್ತಾರೆ. “ಮುಖ ಮಾತ್ರ ಕಲ್ಲು ಬಾರಿಸೂವಾಗ ಹ್ಯಾಂಗಿರ್ತದೋ ಹಂಗೇ ಇಟ್ಟೆ. ಇನ್ನೇನು ಹೋತು, ಜಗದೇವಪ್ಪ ಸಾಹುಕಾರ್ರಿಗೆ ಏನ್ ಹೇಳ್ಲಿ ಅಂತ ಅನ್ಕೊಂಡೆ.”

ಹರಿಪ್ರಿಯಾಳ ಕೈ ಕುದುರೆಯ ಹತ್ತಿರ ಹೋಗಿ ನಿಂತಿತು. ಆನೆಯನ್ನು ನೋಡಿದಳು, ಲಾಲಮ್ಮನ ಮುಖ ನೋಡಿದಳು. ಹನ್ನೊಂದು ನಿಮಿಷ ಹುಡುಕಿದಳು, ಇಲ್ಲದ ಬಲೆಯನ್ನು. ಕೊನೆಗೆ ಕುದುರೆಯನ್ನು ಬಿಟ್ಟು ಮೂಲೆಯ ಒಂದು ಪ್ಯಾದೆ ಸರಿಸಿದಳು. ಲಾಲಮ್ಮ ಆನೆಯನ್ನು ಹಿಂದಕ್ಕೆಳೆದುಕೊಂಡರು. ಮುಂದೆ ಹುಡುಗಿಗೆ ಹೊತ್ತು ಸಾಲಲಿಲ್ಲ, ಗಡಿಬಿಡಿಯಲ್ಲಿ ವಜೀರನನ್ನು ಕಳೆದುಕೊಂಡು ಸೋತಳು. ಆ ಮೂರು ಗಂಟೆ ಸಭಾಂಗಣದಲ್ಲಿ ಕೆಮ್ಮಿದವರು ಲಾಲಮ್ಮ ಒಬ್ಬರೇ.

ರಘೂತ್ತಮ ನೋಟ್‌ಬುಕ್ ಹಿಡಿದು ಬಂದರು. ದನಿಯಲ್ಲಿ ಈಗ ಗೌರವ ಇತ್ತು. “ತಪ್ಪು ತಿಳಕೊಂಡಿದ್ದೆರಿ. ಆ ಇಪ್ಪತ್ತಾರ್ನೇ ನಡಿ, ಆನಿ ಕೊಟ್ರಲ್ಲ, ಅದರ ಹಿಂದಿನ ಹೊಂಚು ಏನು ಸ್ವಲ್ಪ ಹೇಳ್ರಿ.”

ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಆದರೆ ಒಡಕು ಕಲ್ಲಿಗೆ ಸುಣ್ಣದ ಗೆರೆ ಎಳೆಯುವುದು ಆ ಕೈಗೆ ಗೊತ್ತಿಲ್ಲ. “ಹೊಂಚು ಇಲ್ರಿ ಮಾಸ್ತರ್ರ. ತಪ್ಪು ಇಟ್ಟೆ. ತಿಂದಿದ್ರ ನಿಮ್ಮ ಮಗಳೇ ಗೆಲ್ತಿದ್ಲು.”

ಹರಿಪ್ರಿಯಾ ಬೋರ್ಡಿನ ಕಡೆ ತಿರುಗಿದಳು. ರಘೂತ್ತಮ ಮಾತ್ರ ತಲೆಯಾಡಿಸಿ ನೋಟ್‌ಬುಕ್ ಮುಚ್ಚಿದರು. “ಹೇಳ್ಲಿಕ್ಕ ಮನಸಿಲ್ಲ ಅಂದ್ರ ಬಿಡ್ರಿ.”

ಅಂಗಳದಲ್ಲಿ ಜಗದೇವಪ್ಪನವರಿಗೂ ಲಾಲಮ್ಮ ಇದನ್ನೇ ಹೇಳಿದರು. ಅವರು, “ಗೆದ್ದು ಬಂದು ತಪ್ಪು ಒಪ್ಕೊಂಡೋರನ್ನ ನಾ ನೋಡಿಲ್ಲ. ಗುರುದೇವಿನ್ನ ಬ್ಯಾರೆ ಕೆಲಸಕ್ಕ ಹಾಕ್ತೀನಿ,” ಎಂದರು.

ಬೇಡ ಎಂದವರು ಲಾಲಮ್ಮ.

ಹಾಗಾಗಿ ಇವತ್ತೂ ಎರಡು ಸುತ್ತಿಗೆಗಳ ಸದ್ದಿದೆ, ಒಂದರ ಹಿಂದೆ ಒಂದು. ಬಿಸಿಲು ಗೋಡೆಯನ್ನು ಮುಟ್ಟಿದೆ. ಒಂದು ಫರ್ಸಿಯ ಮುಂದೆ ಗುರುದೇವಿ ನಿಂತು ಮತ್ತೆ ಬಾರಿಸುತ್ತಾಳೆ, ಕಿವಿ ಹಚ್ಚುತ್ತಾಳೆ. ಲಾಲಮ್ಮ ತಿರುಗಿ ನೋಡುವುದಿಲ್ಲ, ಆದರೆ ಅವರ ಸುತ್ತಿಗೆ ಅಷ್ಟು ಹೊತ್ತು ಗಾಳಿಯಲ್ಲೇ ನಿಲ್ಲುತ್ತದೆ.

“ಗಟ್ಟಿ ಅದ ಅಕ್ಕಾ.”

“ಬಾರಿಸ್ಲಿ ಬಿಡ್ರಿ,” ಎನ್ನುತ್ತಾರೆ ಲಾಲಮ್ಮ, ಮುಂದಿನ ಕಲ್ಲಿಗೆ ಸರಿಯುತ್ತ. “ನನ್ನ ಕಿವಿನೂ ಒಂದಿನ ಸೇಡಂನ ಆನಿ ಹಂಗ ತಪ್ಪಬಹುದು. ಖರೆ, ಮೂರು ತಿಂಗಳಾತು. ನಾ ಸುಣ್ಣ ಎಳದ ಕಲ್ಲಿಗೆ ಆಕಿ ಇನ್ನೂ ಕೆಂಪು ಎಳದಿಲ್ಲ.”