ನ್ಯೂಕ್ಲಿಯಸ್ಸಿನ ದಾರಿ ಕೇಳಿದ ಹುಡುಗಿ

ಎಂಬತ್ತರ ದಶಕದ ನಡುವಿನಲ್ಲಿ ನಾನು ಮಧುಗಿರಿಯ ಕಾಲೇಜೊಂದರಲ್ಲಿ ಪಿಯುಸಿಯವರಿಗೆ ಜೀವಶಾಸ್ತ್ರ ಹೇಳುತ್ತಿದ್ದೆ. ಪಾಠಕ್ಕಿಂತ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆಯುವುದೇ ನನಗೆ ಹೆಚ್ಚು ಇಷ್ಟ. ಅವತ್ತು ಒಂದು ಬಗೆಯ ನೆಗಡಿ ವೈರಸ್ ನಮ್ಮ ಜೀವಕೋಶದೊಳಗೆ ಹೊಕ್ಕು ಏನೇನು ಮಾಡುತ್ತದೆಂದು ಬರೆದು ತೋರಿಸುತ್ತಿದ್ದೆ. ವೈರಸ್ಸಿನ ಪ್ರೋಟೀನುಗಳು ತಯಾರಾಗುವುದು ನ್ಯೂಕ್ಲಿಯಸ್ಸಿನ ಹೊರಗೆ. ಆಮೇಲೆ ಅವು ನ್ಯೂಕ್ಲಿಯಸ್ಸಿನ ಒಳಕ್ಕೆ ಹೋಗುತ್ತವೆ, ಹೊಸ ವೈರಸ್‌ಗಳು ಜೋಡಣೆಯಾಗುವುದು ಅಲ್ಲಿ. ಇಷ್ಟು ಹೇಳಿ ಕೈಯ ಪುಡಿ ಒರೆಸಿಕೊಳ್ಳುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಸಿರಾ ಕಡೆಯ ಗೌಡಗೆರೆಯವಳು, ಕುರಿ ಸಾಕುವವರ ಮನೆಯವಳು. ಇಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು.

"ಮೇಡಂ, ಒಳಕ್ಕೆ ಹೋಗ್ಬೇಕು ಅಂತ ಆ ಪ್ರೋಟೀನ್‌ಗೆ ಹೆಂಗೆ ಗೊತ್ತಾಯ್ತದೆ?"

"ಅದು ಸಿಲಬಸ್ಸಲ್ಲಿಲ್ಲ, ಕೂತ್ಕೊ" ಅಂದೆ.

ಕೂತಳು. ನನಗೆ ಮಾತ್ರ ಅವತ್ತು ಊಟ ರುಚಿಸಲಿಲ್ಲ. ಉತ್ತರ ನನಗೇ ಗೊತ್ತಿರಲಿಲ್ಲ. ಮಾರನೆಯ ದಿನ ತರಗತಿಯಲ್ಲಿ ಹಾಗೆಂದೇ ಒಪ್ಪಿಕೊಂಡೆ. ಹುಡುಗರು ಮುಸಿಮುಸಿ ನಕ್ಕರು, ಅವಳು ನಗಲಿಲ್ಲ. ಬೆಂಗಳೂರಿನಲ್ಲಿದ್ದ ನನ್ನ ಗುರುಗಳಿಗೆ ಕಾಗದ ಹಾಕಿದೆ.

ಉತ್ತರ ಬರುವ ಹೊತ್ತಿಗೆ ಪರೀಕ್ಷೆ ಮುಗಿದು ಹುಡುಗಿ ಊರಿಗೆ ಹೋಗಿದ್ದಳು. ಇದು ಈಗ ತಾನೆ ತಿಳಿಯುತ್ತಿರುವ ಸಂಗತಿ ಎಂದು ಗುರುಗಳು ಬರೆದಿದ್ದರು. ಪ್ರೋಟೀನೆಂದರೆ ಅಮೈನೋ ಆಮ್ಲಗಳ ಸರಪಳಿ. ಆ ಸರಪಳಿಯ ಒಂದು ಪುಟ್ಟ ತುಂಡೇ ಅದನ್ನು ಒಳಕ್ಕೆ ಹೋಗುವಂತೆ ಮಾಡುತ್ತದೆ. ಒಂದು ವೈರಸ್ಸಿನ ಪ್ರೋಟೀನಿನಲ್ಲಿ ಆ ತುಂಡಿನ ಒಂದೇ ಒಂದು ಕೊಂಡಿ ಬದಲಾಯಿಸಿದರೂ ಸಾಕು, ಪ್ರೋಟೀನು ಹೊರಗೇ ಉಳಿದುಬಿಡುತ್ತದಂತೆ.

ಮರುದಿನವೇ ಸಿರಾಕ್ಕೆ ಹೋಗಿ ಗೌಡಗೆರೆ ಬಸ್ಸು ಹತ್ತಿದೆ. ಅವಳು ಅಮ್ಮನ ಜೊತೆ ಜಗಲಿಯಲ್ಲಿ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯುತ್ತ ಎಲ್ಲ ಹೇಳಿದೆ.

"ಇದ್ನ ಹೇಳಕ್ಕೆ ಮಧುಗಿರಿಯಿಂದ ಬಂದ್ರಾ ಮೇಡಮ್ನೋರೆ?" ಎಂದರು ಅಮ್ಮ. "ನಾನೆಲ್ಲೋ ಇವ್ಳು ಫೇಲಾಗೋದ್ಲು ಅಂತ ಎದ್ರುಕೊಂಡ್ಬುಟ್ಟಿದ್ದೆ."

ಹುಡುಗಿ ಕೈಯಲ್ಲಿದ್ದ ಕಾಯಿ ಸುಲಿದು ಬೀಜ ಮೊರಕ್ಕೆ ಹಾಕಿದಳು. ಆಮೇಲೆ ಕೇಳಿದಳು: "ಆ ತುಂಡ್ನ ತಗಂಡೋಗಿ ಹೊರ್ಗೇ ಇರೋ ಬೇರೆ ಪ್ರೋಟೀನ್‌ಗೆ ಅಂಟಿಸಿದ್ರೆ ಅದೂ ಒಳಕ್ಕೋಯ್ತದಾ ಮೇಡಂ?"

ಅದೂ ನನಗೆ ಗೊತ್ತಿರಲಿಲ್ಲ, ಅಲ್ಲೇ ಹೇಳಿಬಿಟ್ಟೆ. ಮತ್ತೆ ಗುರುಗಳಿಗೆ ಬರೆದು ತಿಳಿದುಕೊಂಡು, "ಹೌದು, ಹೋಗುತ್ತದಂತೆ" ಎಂದು ಅವಳಿಗೊಂದು ಕಾರ್ಡು ಹಾಕಿದೆ. ಆ ವರ್ಷವೇ ಅವಳು ತುಮಕೂರಿನಲ್ಲಿ ಬಿಎಸ್ಸಿಗೆ ಸೇರಿದಳು. ಅಲ್ಲಿನ ಮೇಷ್ಟರುಗಳ ಪಾಡು ನೆನೆದು ನನಗೆ ಒಳಗೊಳಗೇ ಖುಷಿಯಾಯಿತು.