ಅಸ್ಲೌಗ್ ಕೂರಿಸಿದ ಬೈಂಡಿಂಗು

ಗಂಡ ತೀರಿಕೊಂಡು ಮೂರು ತಿಂಗಳಾದರೂ ಅಸ್ಲೌಗ್‌ಗೆ ಅಳು ಬಂದಿರಲಿಲ್ಲ. ಚರ್ಚಿನಲ್ಲೂ ಬರಲಿಲ್ಲ, ಮಣ್ಣು ಮಾಡುವಾಗಲೂ ಬರಲಿಲ್ಲ. ನೆರೆಯವರು ತಂದುಕೊಟ್ಟ ಹುಳಿಕೆನೆಯ ಗಂಜಿ ಉಂಡಳು, ಪಾತ್ರೆ ತೊಳೆದು ಹಿಂದಿರುಗಿಸಿದಳು. ಹಲ್ಲಿನ ಡಾಕ್ಟರ ಬಳಿ ಮೂವತ್ತೊಂದು ವರ್ಷ ಸಹಾಯಕಿಯಾಗಿದ್ದವಳು ಅವಳು. ದವಡೆ ಮರಗಟ್ಟಿಸಿಕೊಂಡು ಕೂತವರ ಮುಖ ಹೇಗಿರುತ್ತದೆಂದು ಚೆನ್ನಾಗಿ ಬಲ್ಲಳು. ಈಗ ಕನ್ನಡಿಯಲ್ಲಿ ದಿನವೂ ಅದೇ ಮುಖ.

ಗಂಡ ಹಾಲ್ವರ್ಡ್ ಎದೆನೋವಿನಿಂದ ಕುಸಿದದ್ದು ಅಕ್ಟೋಬರಿನಲ್ಲಿ, ಮನೆಯ ಹಿಂದಿನ ಮರಗೆಲಸದ ಕೊಟ್ಟಿಗೆಯಲ್ಲಿ. ತನಗೆಂದು, ಕಾಲಿಗೆ ಕಟ್ಟಿ ಹಿಮದ ಮೇಲೆ ಜಾರುವ ಒಂದು ಜೊತೆ ಸ್ಕೀ ಮಾಡುತ್ತಿದ್ದ. ತಾನೇ ಕಡಿದ ಬರ್ಚ್ ಮರದ ಪಟ್ಟಿಗಳನ್ನು ಅಂಟಿಸಿ ನಡುವಿನ ತಿರುಳು ಮಾಡಿ, ಮೇಲೆ ಕೆಳಗೆ ಗಾಜಿನ ನೂಲಿನ ಬಟ್ಟೆ ಹೊದಿಸಿದ್ದ. ಬೂಟು ಹಿಡಿಯುವ ಬೈಂಡಿಂಗು ಕೂರಿಸುವುದೊಂದೇ ಬಾಕಿ. ಮುಂಗಾಲಿಗೊಂದು, ಹಿಮ್ಮಡಿಗೊಂದು ಪೆನ್ಸಿಲ್ ಗೆರೆಯನ್ನೂ ಎಳೆದಿಟ್ಟಿದ್ದ.

ಜನವರಿಯ ಒಂದು ಬೆಳಿಗ್ಗೆ, ಶಾಲೆಯಲ್ಲಿ ಅವಳ ಜೊತೆಗೆ ಓದಿದ್ದ ನೆರೆಯ ತಾರ್ಯೈ ಬಂದ.

"ಆ ಸ್ಕೀ ಕೊಡು ಮಾರಾಯ್ತಿ, ಸ್ಕೀ ಕ್ಲಬ್ಬಿನ ಗೋಡೆಗೆ ಹಾಕ್ತೀವಿ. ಕೆಳಗೆ ಅವನ ಹೆಸರು ಬರೀತೀವಿ."

"ಬೇಡ. ಬೈಂಡಿಂಗು ಕೂರಿಸ್ತೀನಿ."

"ಯಾರ ಬೂಟಿಗೆ?"

"ನನ್ನ ಬೂಟಿಗೆ."

ತಾರ್ಯೈ ನಕ್ಕುಬಿಟ್ಟ. "ನಿನಗಿಂತ ಒಂದು ಮೊಳ ಉದ್ದ ಇದೆ ಕಣೆ ಅದು! ತಿರುಗಿಸೋಕೆ ಇಡೀ ಹೊಲ ಬೇಕಾಗುತ್ತೆ."

"ತಿರುಗಿಸಲ್ಲ. ನೆಟ್ಟಗೆ ಹೋಗ್ತೀನಿ."

ಕೊಟ್ಟಿಗೆಗೆ ಹೋಗಿ ಅವಳು ಸ್ಕೀಯನ್ನು ಹಲಗೆಯ ಅಂಚಿನ ಮೇಲಿಟ್ಟು ತೂಗಿಸಿದಳು. ಎರಡೂ ಕಡೆ ಸಮ ನಿಂತದ್ದು ಹಾಲ್ವರ್ಡನ ಮುಂಗಾಲ ಗೆರೆಯ ಮೇಲೆಯೇ. ಎಷ್ಟು ಆಳಕ್ಕೆ ಇಳಿಯಬೇಕೋ ಅಷ್ಟು ಬಿಟ್ಟು ಬೈರಿಗೆಗೆ ಅಂಟುಪಟ್ಟಿ ಸುತ್ತಿ, ಬೈಂಡಿಂಗಿನ ಮುಂಗಾಲ ತಗಡಿಗೆಂದು ಮರದಲ್ಲಿ ಮೂರು ತೂತು ಕೊರೆದಳು. ತೂತಿಗೊಂದು ಹನಿ ಅಂಟು ಬಿಟ್ಟು ತಿರುಪು ಬಿಗಿದಳು. ಬರ್ಚ್ ಮರದ ವಾಸನೆ ಎದ್ದಿತು. ಅದು ಅವನ ಅಂಗಿಯ ವಾಸನೆ ಎಂದು ತಿಳಿಯಿತು, ಅಷ್ಟೇ. ಅವಳ ಪಾದ ಚಿಕ್ಕದು. ಹಿಮ್ಮಡಿಯ ತಗಡು ಮೂರು ಬೆರಳು ಮುಂದೆ ಬಂತು. ಹಿಂದೆ ಉಳಿದ ಅವನ ಗೆರೆಯನ್ನು ಅಳಿಸಲಿಲ್ಲ. ಉಳಿಸಬೇಕೆಂದೂ ಅನ್ನಿಸಲಿಲ್ಲ.

ಎರಡನೆಯ ಸ್ಕೀಯಲ್ಲಿ ಅಂಟುಪಟ್ಟಿ ಜಾರಿತು. ಬೈರಿಗೆ ಸರ್ರನೆ ಇಳಿದು ತಳದಿಂದ ಆಚೆ ಬಂತು.

"ಅಯ್ಯೋ, ನಿಲ್ಸೇ!" ಎಂದು ತಾರ್ಯೈ ಕೂಗಿದ.

ಅವಳು ಸ್ಕೀಯನ್ನೆತ್ತಿ ಕಿಟಕಿಗೆ ಹಿಡಿದಳು. ತೂತಿನಲ್ಲಿ ಒಂದು ಚುಕ್ಕೆ ಬೆಳಕು ಕಂಡಿತು.

"ಅವನ ಎಂಟು ತಿಂಗಳ ಕೆಲಸ ಅದು. ನಿನಗೇನೂ ಅನ್ನಿಸ್ತಾನೇ ಇಲ್ವಾ?"

"ಇಲ್ಲ."

"ಯಾವಾಗಿಂದ?"

"ಅಕ್ಟೋಬರಿಂದ."

ತಾರ್ಯೈ ಸೊಂಟದ ಚಾಕು ತೆಗೆದು ಮರದ ಚೂರೊಂದನ್ನು ಕಡ್ಡಿಯಷ್ಟು ಸಣ್ಣಗೆ ಕೆತ್ತಿಕೊಟ್ಟ. ಅವಳು ಅಂಟು ಸವರಿ ತೂತಿಗೆ ಬಡಿದು, ತಳಕ್ಕೆ ಸಮನಾಗಿ ಕೊಯ್ದಳು. ಅಂಟು ಒಣಗಿದ ಮೇಲೆ ಮರುದಿನ ಮತ್ತೆ ಕೊರೆದು, ಈ ಸಲ ಹುಷಾರಾಗಿ, ಕೆಲಸ ಮುಗಿಸಿದಳು.

ಮಧ್ಯಾಹ್ನ ಇಬ್ಬರೂ ಚರ್ಚಿನ ಹಿಂದಿನ ಗುಡ್ಡ ಹತ್ತಿದರು. ಅವಳು ಹೇಳಿದಂತೆಯೇ ನೆಟ್ಟಗೆ ಇಳಿದಳು, ಬೇಲಿಯವರೆಗೂ. ಅಲ್ಲಿ ಮಗುಚಿಕೊಂಡು ಹಿಮದಲ್ಲಿ ಹೂತುಹೋದಳು. ತಾರ್ಯೈ ಏದುಸಿರು ಬಿಡುತ್ತ ಬಂದ.

"ಏಟಾಯ್ತಾ?"

ಅವಳು ಕಾಲು ಮಡಚಿ ನೋಡಿದಳು. "ಮೊಣಕಾಲು ನೋಯ್ತಿದೆ."

"ಜೋರಾಗಾ?"

"ಹೂಂ. ಜೋರಾಗೇ."

"ಸದ್ಯ," ಎಂದು ಅವನು ಕೈಕೊಟ್ಟು ಎಬ್ಬಿಸಿದ.

ಬೈಂಡಿಂಗು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮೊಣಕಾಲು ಒಂದು ವಾರ ಊದಿಕೊಂಡಿತ್ತು. ಅಸ್ಲೌಗ್ ಮಾತ್ರೆ ತೆಗೆದುಕೊಳ್ಳಲಿಲ್ಲ; ಮೆಟ್ಟಿಲು ಹತ್ತುವಾಗ ನೋವೆದ್ದರೆ ನಿಂತು, ಅದು ಇಳಿಯುವವರೆಗೆ ಕಾದು, ಮತ್ತೆ ಹತ್ತುತ್ತಿದ್ದಳು. ಎಂಟನೆಯ ದಿನ ತಾರ್ಯೈಗೆ ಫೋನ್ ಮಾಡಿ, ಹಿಮ ಹೇಗಿದೆ ಎಂದು ಕೇಳಿದಳು.