ಸಮ್ಮೇಳನ ಶಿರಾಕ್ಕೆ ಹೋದದ್ದು

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಆಗ ನಾನು ಮಧುಗಿರಿಯ ಸ್ತ್ರೀ ಸಮಾಜದ ಕಾರ್ಯದರ್ಶಿ. ಹಲವು ದೇಶಗಳ ಮಹಿಳಾ ಸಂಘಗಳು ಬೆಂಗಳೂರಿನಲ್ಲಿ ಸಮ್ಮೇಳನ ನಡೆಸಲಿದ್ದವು. ಅದರ ಒಂದು ದಿನದ ಕಲಾಪ ಹಳ್ಳಿಗಾಡಿನ ಊರೊಂದರಲ್ಲಿ ನಡೆಯಬೇಕೆಂಬುದು ಅವರ ಇಚ್ಛೆ. ನಮ್ಮ ಕಡೆಯ ನಾಲ್ಕು ಸಮಾಜಗಳೂ ಆಹ್ವಾನ ಕಳುಹಿಸಿದವು. ಕೊರಟಗೆರೆಯಲ್ಲಿ ಅಷ್ಟು ಜನ ಕೂರುವ ಸ್ಥಳವಿರಲಿಲ್ಲ, ಪಾವಗಡ ದೂರವಾಯಿತು. ಉಳಿದವರು ನಾವು ಮತ್ತು ಶಿರಾದವರು. ಶಿರಾದ ಕಾರ್ಯದರ್ಶಿ ನನ್ನ ಸಹಪಾಠಿ. ಸಮ್ಮೇಳನ ಮಧುಗಿರಿಗೇ ಬರಬೇಕೆಂಬ ನನ್ನ ಹಟ ಆ ಕಾರಣದಿಂದಲೇ ಇಮ್ಮಡಿಯಾಯಿತು.

ನಮ್ಮ ಶಾಲೆ ಆ ಕಾಲಕ್ಕೆ ಬಹಳ ಮುಂದುವರಿದದ್ದು. ಎಲ್ಲ ಜಾತಿಯ ಹುಡುಗಿಯರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು. ಅನ್ಯಾಯವನ್ನು ಕಂಡಲ್ಲಿ ಅದರ ಹೆಸರು ಹಿಡಿದು ಹೇಳಬೇಕೆಂದು ಕಲಿಸಿದ್ದರು. ಚರ್ಚಾಕೂಟದ ಬಹುಮಾನ ಸದಾ ನನ್ನದು. ಬಿಡುವಿನ ವೇಳೆಯಲ್ಲಿ ಹುಡುಗಿಯರೆಲ್ಲ ಇರುತ್ತಿದ್ದದ್ದು ಈ ಸಹಪಾಠಿಯ ಸುತ್ತ. ಅವಳು ಮಾಡುತ್ತಿದ್ದುದಾದರೂ ಏನು? ಯಾರ ಲಂಗ ಹರಿದಿದೆ, ಯಾರಿಗೆ ಹೊಟ್ಟೆನೋವು ಎಂದು ವಿಚಾರಿಸುವುದು. ಅಷ್ಟಕ್ಕೇ ಅಷ್ಟು ಪ್ರೀತಿ!

ಬೆಟ್ಟದ ಬುಡದ ಛತ್ರವನ್ನು ನಾನು ಆರಿಸಿದೆ. ಕಲ್ಲುಕಂಬದ ವಿಶಾಲವಾದ ಹಜಾರ. ಅದರ ಮೇಲ್ವಿಚಾರಣೆಯ ಪಾರುಪತ್ತೇಗಾರರು ನಮ್ಮ ತಂದೆಯ ವಯಸ್ಸಿನವರು.

“ದೊರೆಸಾನೇರು ಹಜಾರದಾಗೆ ಕೂತ್ಕಳ್ಳಿ ಕಣಮ್ಮ, ಬ್ಯಾಡ ಅನ್ನಲ್ಲ. ಬಾವಿತಾವ ಬರಂಗಿಲ್ಲ. ಆ ಕೇರಿ ಹೆಣ್ಮಕ್ಳು ಜಗಲಿ ದಾಟಂಗಿಲ್ಲ.”

“ಹಾಗಾದರೆ ಅಧ್ಯಕ್ಷರ ಕುರ್ಚಿಯನ್ನೂ ಜಗಲಿಯಲ್ಲೇ ಹಾಕಿಸುತ್ತೇನೆ. ಇದು ಅಸ್ಪೃಶ್ಯತೆ, ಇದು ಪಾಪ.”

“ನಿಮ್ಮಪ್ಪ ನಿನ್ನ ಓದುಸ್ಬಾರ್ದಾಗಿತ್ತು ಕಣಮ್ಮ.”

ನಾನು ದಿನವೂ ಹೋಗಿ ಜಗಲಿಯ ಮೇಲೆ ಕುಳಿತೆ, ಅಮಲ್ದಾರರ ಬಾಗಿಲು ತಟ್ಟಿದೆ. ಕೊನೆಗೆ ಬಾವಿಯೂ ಹಜಾರವೂ ಎಲ್ಲರಿಗೂ ತೆರೆಯುವಂತೆ ಅಮಲ್ದಾರರು ಅಪ್ಪಣೆ ಮಾಡಿದರು. ಆ ಗೆಲುವು ನನ್ನದು; ಅದನ್ನು ಇಂದಿಗೂ ಯಾರಿಗೂ ಬಿಟ್ಟುಕೊಡುವುದಿಲ್ಲ. ಕಂಬದಿಂದ ಕಂಬಕ್ಕೆ ಬಟ್ಟೆ ಕಟ್ಟಿಸಿ, ಒಂದೊಂದರ ಮೇಲೆ ಒಂದೊಂದು ಅನ್ಯಾಯದ ಹೆಸರು ಬರೆಸಿದೆ: ಬಾಲ್ಯವಿವಾಹ, ವಿಧವೆಯರ ಕೇಶಮುಂಡನ, ಅಸ್ಪೃಶ್ಯತೆ, ಹೆಂಡ, ವರದಕ್ಷಿಣೆ.

ಸ್ಥಳಪರೀಕ್ಷೆಗೆ ಬೆಂಗಳೂರಿನಿಂದ ಬಂದ ಹಿರಿಯ ಮಹಿಳೆ ಎಲ್ಲವನ್ನೂ ನೋಡಿ ಮೆಚ್ಚಿದರು. ಆಮೇಲೆ ಕೇಳಿದರು: “ಕಕ್ಕಸು ಎಲ್ಲಿದೆಯಮ್ಮ?”

“ಇಲ್ಲಿಯ ಹೆಂಗಸರು ಬೆಳಗಾಗುವುದರೊಳಗೆ ಕಳ್ಳಿಬೇಲಿಯ ಆಚೆಗೆ ಹೋಗಿ ಬರುತ್ತಾರೆ.”

“ಹಗಲು ಹೊತ್ತು?”

“ತಡೆದುಕೊಳ್ಳುತ್ತಾರೆ.”

ಅವರು ತಲೆಯೆತ್ತಿ ನನ್ನ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಓದಿದರು.

ಅವರು ಮುಂದೆ ಶಿರಾವನ್ನು ನೋಡಬೇಕಾಗಿತ್ತು; ಅವರ ಮೋಟಾರಿನಲ್ಲೇ ನಾನೂ ಹೊರಟೆ. ನನ್ನ ಸಹಪಾಠಿ ಗೊತ್ತುಮಾಡಿದ್ದು ಕಂಬಳಿ ವ್ಯಾಪಾರದ ಸಾಹೇಬರೊಬ್ಬರ ಮಂಡಿ. ಉಣ್ಣೆಯ ನಾತ, ಒರಟು ನೆಲ, ಎರವಲು ತಂದ ಕುರ್ಚಿಗಳು. ನನ್ನ ಮನಸ್ಸು ಹಗುರಾಯಿತು. ಅವಳು ಮಾತ್ರ ನಮ್ಮನ್ನು ನೇರವಾಗಿ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ತೆಂಗಿನ ಗರಿಯ ತಡಿಕೆ ಕಟ್ಟಿದ ಪುಟ್ಟ ಕೋಣೆಗಳ ಸಾಲು. ಬಾಗಿಲಿಗೆ ಕರಿಕಂಬಳಿಯ ಪರದೆ, ಪಕ್ಕದಲ್ಲಿ ನೀರಿನ ಗಡಿಗೆ.

“ಮೊದ್ಲು ಇದನ್ನೇ ಮಾಡ್ಸಿದ್ದು ಕಣೇ. ಭಾಷಣಾನ ಮರದ ಕೆಳಗೂ ಮಾಡ್ಬೋದು.”

ಒಂದು ಅನ್ಯಾಯ ಸಿಕ್ಕಿತೆಂದು ನಾನು ಕೇಳಿದೆ: “ಮಲವನ್ನು ತಲೆಯ ಮೇಲೆ ಹೊರುವವರು ಯಾರು? ಅದನ್ನು ಯೋಚಿಸಿದೆಯಾ?”

“ಯಾರೂ ಹೊರಲ್ಲ. ಆಳದ ಗುಂಡಿ, ಮೇಲೆ ಮಣ್ಣು ಮುಚ್ಚೋದು.” ನನ್ನ ಮುಖ ನೋಡಿ ನಕ್ಕಳು. “ಮಧುಗಿರಿಯಿಂದ ಕುಲುಕಾಡ್ಕೊಂಡು ಬಂದಿದೀಯ, ನೀನೂ ಹೋಗ್ಬಾ ಹೋಗು.”

ಬೇಡವೆಂದೆ. ಬೇಕಾಗಿತ್ತು.

ಸಮ್ಮೇಳನ ಶಿರಾಕ್ಕೆ ಹೋಯಿತು. ನಾನು ಅಲ್ಲಿ ಮಾತನಾಡಿದೆ, ಚಪ್ಪಾಳೆಯೂ ಬಂತು. ಆದರೆ ವೇದಿಕೆಗೆ ಬಂದ ಪರದೇಶದ ಪ್ರತಿನಿಧಿಗಳೆಲ್ಲ ಹೊಗಳಿದ್ದು ಅವಳ ಬಂದೋಬಸ್ತನ್ನು. ಸಂಜೆ ಆಳುಗಳು ತಡಿಕೆ ಬಿಚ್ಚಲು ಬಂದಾಗ ಊರಿನ ಹೆಂಗಸರು ಅಡ್ಡ ನಿಂತರು.

“ಕೀಳ್ಬ್ಯಾಡ್ರಣ್ಣೋ, ಇರ್ಲಿ ಬುಡಿ! ದೊರೆಸಾನೇರಿಗೆ ಮಾತ್ರ ಮೈ ಐತಾ, ನಮಗಿಲ್ವಾ?”

ನಾನು ಬರೆಸಿದ ಯಾವ ಬಟ್ಟೆಯನ್ನೂ ಬಿಚ್ಚಬೇಡಿರೆಂದು ಮಧುಗಿರಿಯಲ್ಲಿ ಯಾರೂ ಅಡ್ಡ ನಿಂತಿರಲಿಲ್ಲ.

ಮರುದಿನವೇ ನಾನು ಛತ್ರದ ಜಗಲಿಯ ಮೇಲೆ ಮತ್ತೆ ಕುಳಿತೆ.

“ಬಾವಿ ಆಯ್ತು, ಹಜಾರ ಆಯ್ತು. ಇನ್ನೇನವ್ವ?” ಎಂದರು ಪಾರುಪತ್ತೇಗಾರರು.

“ಹೆಂಗಸರಿಗೆ ಕಕ್ಕಸು. ತಡಿಕೆಯದಲ್ಲ, ಕಲ್ಲಿನ ಗೋಡೆಯದು.”

“ಸಿರಾದೋರು ಕಟ್ಟುದ್ರು ಅಂತಾವಾ?”

ಹೆಂಗಸರನ್ನು ಹಗಲೆಲ್ಲ ತಡೆದುಕೊಳ್ಳುವಂತೆ ಮಾಡುವುದು ಹಿಂಸೆ. ಅದಕ್ಕೂ ಒಂದು ಹೆಸರಿರಬೇಕು ಎಂದೆ. ಊರೆಲ್ಲ ತಿರುಗಿ, ಬೈಸಿಕೊಂಡು, ಕಟ್ಟಿಸಿದೆ.

ಮುಗಿದ ಮೇಲೆ ಶಿರಾದಿಂದ ಅವಳನ್ನು ಕರೆಸಿದೆ. ಒಳಗೆ ಹೋಗಿ ಬಂದು, “ಗಟ್ಟಿಯಾಗಿದೆ ಕಣೇ” ಎಂದಳು.

“ಬಾಗಿಲು ಮರದ್ದು, ಕಂಬಳಿಯದಲ್ಲ” ಎಂದೆ. ಪಾರುಪತ್ತೇಗಾರರಿಗೂ ಅದನ್ನು ತೋರಿಸೋಣವೆಂದು ಕರೆಯಲು ಹೋದೆ. ಹಿಂದಿರುಗುವಷ್ಟರಲ್ಲಿ ನಮ್ಮೂರಿನ ಹೆಂಗಸರೆಲ್ಲ ಅವಳನ್ನು ಸುತ್ತುವರಿದಿದ್ದರು. ಅವಳು ಒಬ್ಬಾಕೆಯ ಹೊಟ್ಟೆನೋವನ್ನು ವಿಚಾರಿಸುತ್ತಿದ್ದಳು.